ಬಸವರಾಜರ ಕಾರು ಯಾಕೆ ಬರಲಿಲ್ಲವೆಂದರೆ

ಶೈಲಾ, ಬಸವರಾಜರ ಕಾರು ತಯಾರಾಗಿತ್ತು. ತಯಾರಾಗಿಲ್ಲ ಎಂದು ನಿನಗೆ ಹೇಳಿದವನು ನಾನು. ಅದು ಸುಳ್ಳು — ಗೊತ್ತಿದ್ದೂ ಗೊತ್ತಿದ್ದೂ, ನೀನು ಬಡಿಸಿದ ತಾಟಿನ ಮುಂದೆ ಕೂತು, ನಿನ್ನ ಮುಖ ನೋಡಿಕೊಂಡೇ ಹೇಳಿದ ಸುಳ್ಳು.

ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಇನ್ನೂ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಆದರೆ ಮೊನ್ನೆ ಸೊಲ್ಲಾಪುರದಲ್ಲಿ ನಿನ್ನ ಬಸುರಿ ಮಗಳ ಕುಬಸದ ದಿನ, ಊಟವಾದ ಮೇಲೆ, ಹೆಣ್ಣುಮಕ್ಕಳ ನಡುವೆ ಕೂತು ನೀನು ಮತ್ತೆ ಆ ಕಥೆ ತೆಗೆದೆ. ಪ್ರತಿ ಮದುವೆ, ಪ್ರತಿ ತೊಟ್ಟಿಲ ಕಾರ್ಯದಲ್ಲೂ ನೀನು ಅದನ್ನು ಹೇಳುತ್ತೀ, ನಾನು ಪ್ರತಿ ಸಲವೂ ಕೇಳುತ್ತೇನೆ. “ನಾಶಿಕದಾಗ ಇದ್ದಾಗ ಔರಂಗಾಬಾದದ ಒಂದು ಗಂಡು ನನ್ನ ನೋಡ್ಲಿಕ್ಕೆ ಬರೋದಿತ್ತವ್ವಾ. ನನ್ನ ಫೋಟೋ ನೋಡಿದ್ದೇ ತಡ, ಕಾರು ರಿಪೇರಿಗಿ ಹಾಕಿಬಿಟ್ಟ. ಇನ್ನಾ ರಿಪೇರಿ ನಡದದ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಿನ್ನ ಮಗಳು ಮಾತ್ರ ನಗಲಿಲ್ಲ. ಕನ್ನಡ ಕೇಳಿ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ ಅವಳು, “ಮಮ್ಮೀ, ತುಲಾ ವಾಯಿಟ್ ನಾಹೀ ವಾಟಲಂ?” ಎಂದಳು — ನಿನಗೆ ಬೇಜಾರಾಗಲಿಲ್ಲವೇ ಎಂದು. ನೀನು ಸೆರಗು ಸರಿಮಾಡಿಕೊಂಡು, ಮುಖದ ನಗು ಹಾಗೇ ಇಟ್ಟುಕೊಂಡು, “ಆಗಿತ್ತವ್ವಾ. ಭಾಳ ದಿವಸ ಕನ್ನಡಿ ನೋಡೂದೇ ಬಿಟ್ಟಿದ್ದೆ” ಎಂದೆ. ಅದಕ್ಕೂ ನಕ್ಕರು. ನಾನು ನಗಲು ಹೋಗಿ ಕೆಮ್ಮಿದೆ. ನೀರು ತಂದುಕೊಟ್ಟವಳೂ ನೀನೇ.

ಕನ್ನಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇದ್ದೆವು, ಆದರೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಮೊದಲಿನಿಂದ ಹೇಳುತ್ತೇನೆ. ನಡುವೆ ನಗು ಬಂದರೆ ನಕ್ಕುಬಿಡು, ನಡೆದದ್ದೇ ಹಾಗಿದೆ. ಆದರೆ ಓದುವುದನ್ನು ನಿಲ್ಲಿಸಬೇಡ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪಿಂಪಳಗಾಂವ್ ಬಸವಂತ್ ಶಾಖೆಯಲ್ಲಿ ಸಾಲದ ಆಫೀಸರ್. ದ್ರಾಕ್ಷಿ ಬೆಳೆಯುವವರಿಗೆ ಟ್ರ್ಯಾಕ್ಟರ್ ಸಾಲ ಮಂಜೂರು ಮಾಡಿಸುವುದು ನನ್ನ ಕೆಲಸ, ನಾಶಿಕದ ಪಂಚವಟಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಊಟ ಖಾನಾವಳಿಯಲ್ಲಿ. ಅಲ್ಲಿಯ ಬೇಳೆಯಲ್ಲಿ ಬೇಳೆಯನ್ನು ಹುಡುಕಿ ಹುಡುಕಿ ನನ್ನ ಕಣ್ಣು ಚುರುಕಾಗಿದ್ದವು. ಅಷ್ಟರಲ್ಲಿ ಬಿ.ಎಡ್. ಮಾಡಲು ಭಾಲ್ಕಿಯಿಂದ ನೀನು ಬಂದೆ. ಬಂದ ಮರುದಿನವೇ ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಎಣ್ಣೆಗಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯ. ನನ್ನ ಅಂಗಿಗಳಿಗೆ ಗುಂಡಿ ಬಂದವು. ಬ್ಯಾಂಕಿನ ಬಡ್ತಿ ಪರೀಕ್ಷೆಗೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವವಳೂ ನೀನೇ, ಉತ್ತರ ಹೇಳಿಕೊಡುವವಳೂ ನೀನೇ. ನಾನು ಮೂರು ತುತ್ತಿಗೊಮ್ಮೆ ತಲೆ ಅಲ್ಲಾಡಿಸುತ್ತಿದ್ದೆ, ಅಷ್ಟೇ.

ಇನ್ನೊಂದೂ ಇತ್ತು. ತಂಗಿಯ ಮದುವೆಯಾಗದೆ ಅಣ್ಣನಿಗೆ ಹೆಣ್ಣು ನೋಡುವಂತಿಲ್ಲ ಎಂಬುದು ನಮ್ಮ ಮನೆಯ ಪದ್ಧತಿ. ಅವ್ವ ಹುಮನಾಬಾದಿನಲ್ಲಿ ನನಗಾಗಿ ಒಂದು ಹೆಣ್ಣನ್ನು ಆಗಲೇ ಕಣ್ಣಲ್ಲಿ ಇಟ್ಟುಕೊಂಡಿದ್ದಳು. ಹುಡುಗಿ ಭಾಳ ಕಟ್ಟುನಿಟ್ಟು ಎಂದು ಕೇಳಿ ನನಗೆ ಒಳಗೊಳಗೇ ನಡುಕ. ನೀನು ನನ್ನ ಮನೆಯಲ್ಲಿ ಇರುವವರೆಗೂ ನಾನು ಸುರಕ್ಷಿತ. ಹೀಗೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗ ಲೆಕ್ಕ ಇದೇ ಇತ್ತು.

ಆಗ ಬಸವರಾಜರ ಸಂಬಂಧ ಬಂತು. ಅವರೂ ಭಾಲ್ಕಿ ಕಡೆಯವರೇ; ಔರಂಗಾಬಾದಿನಲ್ಲಿ — ಊರಿನ ಹೆಸರು ಈಗ ಬದಲಾಗಿದೆ, ನಾನು ಆಗಿನದನ್ನೇ ಬರೆಯುತ್ತೇನೆ — ಗುಲ್ಮಂಡಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಫೋಟೋ ಅತ್ತಿಂದಿತ್ತ ಹೋದವು. ಎರಡೂ ಕಡೆ ಹಿರಿಯರು ಒಪ್ಪಿದರು. ನೀನೂ ಫೋಟೋ ನೋಡಿ ಏನೂ ಅನ್ನದೆ ಅದನ್ನು ನಿನ್ನ ಪುಸ್ತಕದ ನಡುವೆ ಇಟ್ಟುಕೊಂಡೆ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ. ಇನ್ನು ಗಂಡು ಬಂದು ಹೆಣ್ಣು ನೋಡುವುದೊಂದೇ ಬಾಕಿ. ಅಪ್ಪ ಟ್ರಂಕ್ ಕಾಲ್ ಮಾಡಿ, “ಹುಡುಗಿ ನಿನ್ನ ಹತ್ರನೇ ಅದಾಳ. ಎಂದು ಬರಬೇಕಂತ ನೀನೇ ಅವರ ಕೂಡ ಮಾತಾಡಿ ಪಕ್ಕಾ ಮಾಡು” ಎಂದು ಇಡೀ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು.

ಬಸವರಾಜರು ಮೊದಲ ಸಲ ಬಂದದ್ದು ಪಿಂಪಳಗಾಂವಿನ ನನ್ನ ಬ್ಯಾಂಕಿಗೆ. ಎತ್ತರದ ಆಳು, ಕೂತಲ್ಲೇ ಕುಗ್ಗುವ ಸ್ವಭಾವ. ಚಹಾ ತಣ್ಣಗಾಗುವವರೆಗೆ ಕಪ್ಪನ್ನೇ ನೋಡುತ್ತಿದ್ದರು. ಆಮೇಲೆ ಒಮ್ಮೆಲೇ ಶುರುಮಾಡಿದರು.

“ಸಾಹೇಬ್ರ, ನಾ ಮಾತಾಡೂದು ಕಮ್ಮಿರಿ. ಹಿಂದಕ್ಕ ಉದಗೀರಿಗಿ ಒಂದು ಹೆಣ್ಣು ನೋಡ್ಲಿಕ್ಕಿ ಹೋಗಿದ್ದೆ. ಅವ್ರು ಹೆಸರು ಕೇಳಿದ್ರ ನನ್ನ ಬಾಯಾಗ ನನ್ನ ಹೆಸರೇ ಬರ್ಲಿಲ್ಲ. ಕೈಯಾಗಿನ ಉಪ್ಪಿಟ್ಟಿನ ಪ್ಲೇಟ್ ಬಿತ್ತು. ಗಂಡು ಮೂಕ ಅದಾನಂತ ಹೇಳಿ ಕಳಸಿದ್ರು.” ಕಪ್ಪನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು. “ಈಗ ಒಂದು ಗಾಡಿ ತೊಗೊಂಡೀನಿ. ಸ್ಪೋರ್ಟ್ಸ್ ಕಾರು. ಅದು ತಯಾರಾಗ್ಲಿ, ಅದ್ರಾಗೇ ಬರ್ತೀನಿ. ಅವ್ರು ಬಾಗಲದಾಗ ನಿಂತು ನೋಡ್ಲಿ. ನಾ ಮಾತಾಡ್ಲಿಲ್ಲಂದ್ರೂ ಗಾಡಿ ಮಾತಾಡ್ತದ.”

ದೇವಳಾಲಿಯ ನಿವೃತ್ತ ಸೈನ್ಯಾಧಿಕಾರಿಯೊಬ್ಬರು ಮಾರಿದ ಕಾರು ಅದು. ಎರಡೇ ಬಾಗಿಲು, ಮೇಲೆ ಮಡಚುವ ಹೊದಿಕೆ, ಒಂದು ಕಾಲದಲ್ಲಿ ಕೆಂಪಗಿದ್ದ ಬಣ್ಣ. ಯಾವ ಕಂಪನಿಯದೆಂದು ಹೇಳಿ ಪ್ರಯೋಜನವಿಲ್ಲ, ಕಂಪನಿಯೇ ಅದನ್ನು ಮರೆತಿತ್ತು. ಈರುಳ್ಳಿ ಲಾರಿಯ ಹಿಂದೆ ಹಗ್ಗ ಕಟ್ಟಿ ಅದನ್ನು ಔರಂಗಾಬಾದಿಗೆ ಎಳೆಸಿಕೊಂಡು ಹೋಗಿದ್ದರು. ಹಳೆಯ ಸಾಮಾನು ಸಿಗುವುದಿಲ್ಲ. ಹೊರಗಿನ ಸಾಮಾನು ಆರಿಸಿ ಹಾಕಿಸಬೇಕು. “ನಿಮಗ ಟ್ರ್ಯಾಕ್ಟರ್ ಎಲ್ಲಾ ಗೊತ್ತದಂತ ಕೇಳೀನ್ರಿ. ಏನೇನು ಹಾಕಸ್ಬೇಕು, ನೀವೇ ಹೇಳ್ರಿ” ಎಂದರು.

ಶೈಲಾ, ಟ್ರ್ಯಾಕ್ಟರಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ. ಚಾಸಿ ನಂಬರಿನ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ನಂಬರು ಮೂಡುತ್ತದೆ, ಅದನ್ನು ಸಾಲದ ಕಡತಕ್ಕೆ ಅಂಟಿಸಬೇಕು. ನನ್ನ ಸ್ಕೂಟರ್ ನಿನಗೆ ನೆನಪಿರಬೇಕು. ಒಂದು ಬದಿಗೆ ಮಲಗಿಸದೆ ಅದು ಎಂದಾದರೂ ಶುರುವಾದದ್ದುಂಟೇ? ನನಗೆ ತಿಳಿಯುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಎದುರಿಗೆ ಕೂತ ಅಷ್ಟೆತ್ತರದ ಮನುಷ್ಯ ‘ಸಾಹೇಬ್ರ’ ಎನ್ನುತ್ತಿದ್ದಾನೆ, ಪಕ್ಕದ ಟೇಬಲ್ಲಿನ ಕ್ಯಾಷಿಯರ್ ಕಿವಿ ಇತ್ತ ಕೊಟ್ಟಿದ್ದಾನೆ. ನಾನು ಕುರ್ಚಿಗೆ ಒರಗಿ, “ಮೊದಲು ಗಾಲಿಗಳಿಂದ ಶುರು ಮಾಡೋಣ” ಎಂದೆ. ಗಾಲಿ ಎಂಬುದು ನನಗೆ ಖಾತ್ರಿಯಾಗಿ ಗೊತ್ತಿದ್ದ ಭಾಗ.

ಮೊದಮೊದಲು ನನ್ನಲ್ಲಿ ಕಪಟವಿರಲಿಲ್ಲ, ಜಂಬ ಮಾತ್ರ ಇತ್ತು. ಮೇನ್ ರೋಡಿನ ರದ್ದಿ ಅಂಗಡಿಯಲ್ಲಿ ವಿಲಾಯತಿ ಕಾರಿನ ಮಾಸಪತ್ರಿಕೆಗಳು ಸಿಕ್ಕವು. ಪರೀಕ್ಷೆಯ ಪುಸ್ತಕ ಹಿಡಿದರೆ ಆಕಳಿಸುವ ನಾನು ಅವನ್ನು ಅಡಿಗೆರೆ ಹಾಕಿ ಓದಿದೆ. ಅಗಲ ಟೈರು, ಅಲಾಯ್ ಗಾಲಿ, ಬಕೆಟ್ ಸೀಟು, ಜೋಡಿ ಕಾರ್ಬೊರೇಟರ್ — ಅರ್ಥವಾದದ್ದು ಕಾಲುಭಾಗ, ಬಾಯಿಗೆ ಬಂದದ್ದು ಪೂರ್ತಿ. ನೀನು, “ಅಣ್ಣಾ, ಈ ಗಾಡಿ ಪುಸ್ತಕ ಯಾಕ?” ಎಂದು ಕೇಳಿದಾಗ, “ಸಾಲದ ಕೆಲಸಕ್ಕ ಬೇಕಾಗ್ತದ” ಎಂದಿದ್ದೆ. ಮೊದಲ ಸುಳ್ಳು ಅದೇ ಇರಬೇಕು. ಸಣ್ಣದು. ರುಚಿ ಹತ್ತಿಸಿತು.

ಗಾಲಿಗಳು ಮುಂಬಯಿಯಿಂದ ಬಂದವು. ಅದನ್ನು ಹೇಳಲು ಬಸವರಾಜರು ಬಸ್ಸು ಹಿಡಿದು ನಾಶಿಕಕ್ಕೇ ಬಂದರು. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ: ಗಂಡು ಹೆಣ್ಣಿನ ಮನೆಯ ಹೊಸ್ತಿಲು ತುಳಿದರೆ ಅದು ನೋಡಲು ಬಂದಂತೆಯೇ. ಸುಮ್ಮನೆ ಚಹಾಕ್ಕೆಂದು ಬರುವಂತಿಲ್ಲ, ಕಾರಿಲ್ಲದೆ ಅವರು ಬರುವವರಲ್ಲ. ಹೀಗಾಗಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಜೊತೆ ಕೂತರು. ರಿಕ್ಷಾ ಹತ್ತಿದರೆ ನೀನಿದ್ದ ಮನೆ. ಅವರು ಆ ದಿಕ್ಕಿಗೆ ಬೆನ್ನು ಹಾಕಿ ಕೂತಿದ್ದರು, ನೋಡಿದರೆ ಎಲ್ಲಿ ಪದ್ಧತಿ ಮುರಿದುಹೋಗುತ್ತದೋ ಎಂಬಂತೆ.

“ಗಾಲಿ ಮಸ್ತ್ ಕಾಣ್ತಾವರಿ. ದಸರಾಕ್ಕ ಬರ್ಲೇನ್ರಿ?”

ಆ ದಿನ ಬೆಳಿಗ್ಗೆ ನೀನು ಡಬ್ಬಿಗೆ ಮಾದಲಿ ಹಾಕಿ ಕಳಿಸಿದ್ದೆ. ಅದರ ತುಪ್ಪ ಇನ್ನೂ ನನ್ನ ಬೆರಳಲ್ಲಿತ್ತು. ದಸರೆಗೆ ಇವರು ಬಂದು ನೋಡಿದರೆ ದೀಪಾವಳಿಗೆ ನಿಶ್ಚಯ, ಮಾಘಕ್ಕೆ ಮದುವೆ, ಆಮೇಲೆ ನಾನು ಮತ್ತು ಖಾನಾವಳಿ. ಅದಾದ ಮೇಲೆ ಹುಮನಾಬಾದಿನ ಕಟ್ಟುನಿಟ್ಟು. ನನ್ನ ಮನಸ್ಸು ಅಲ್ಲಿಯವರೆಗೂ ಓಡಿ ಹೋಗಿ ಬಂತು. ನಾನು ಹೇಳಿದೆ — “ಗಾಲಿ ಅಗಲ ಆದ್ವಲ್ಲ, ಈಗ ಸ್ಟೇರಿಂಗ್ ಬದಲಿಸಬೇಕಾಗ್ತದ. ಅರ್ಧಾ ತಯಾರಾದ ಗಾಡಿ ತೊಗೊಂಡು ಹೆಣ್ಣು ನೋಡ್ಲಿಕ್ಕೆ ಬರೂದು ಛೊಲೊ ಅಲ್ಲ.”

“ಖರೇರಿ,” ಎಂದರು. “ನೀವಿಲ್ದಿದ್ರ ನನಗ ಯಾರು ಹೇಳ್ತಿದ್ರು?” ಚಹಾದ ದುಡ್ಡೂ ಅವರೇ ಕೊಟ್ಟರು.

ಅಲ್ಲಿಂದ ಮುಂದೆ ನನಗೆ ದಾರಿ ತೆರೆದುಕೊಂಡಿತು. ಸ್ಪೋರ್ಟ್ಸ್ ಕಾರಿನಲ್ಲಿ ಬದಲಾಯಿಸುವ ಸಾಮಾನಿಗೆ ಕೊನೆಯೇ ಇಲ್ಲ. ಒಂದನ್ನು ಬದಲಾಯಿಸಿದರೆ ಅದು ಪಕ್ಕದ ಇನ್ನೆರಡನ್ನು ಕೆಡಿಸುತ್ತದೆ. ಚಕ್ಕುಲಿಯಷ್ಟೇ ಅಗಲದ ಸ್ಟೇರಿಂಗ್ ತರಿಸಿದೆ. ಅದಕ್ಕೆ ಹಾರ್ನಿನ ಗುಂಡಿ ಕೂರಲಿಲ್ಲ. ಮೂರು ಸ್ವರದ ಹಾರ್ನ್ ತರಿಸಿದೆ. ಅದನ್ನು ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ದೊಡ್ಡ ಬ್ಯಾಟರಿ ಹಾಕಿಸಿದೆ; ಅದಕ್ಕೆ ಜಾಗ ಮಾಡಲು ಇನ್ನೇನನ್ನೋ ಕತ್ತರಿಸಿದರು. ಅಗಲ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿದೆ ಎಂದು ಫೋನ್ ಬಂದಾಗ ಮಡ್‌ಗಾರ್ಡ್ ಉಬ್ಬಿಸಿ ಎಂದೆ. ಆಮೇಲೆ ಪತ್ರಿಕೆಯಲ್ಲಿ ನೋಡಿ, ಗಾಡಿಯನ್ನು ನೆಲಕ್ಕೆ ಇಳಿಸಬೇಕು, ಎಲ್ಲ ಸ್ಪೋರ್ಟ್ಸ್ ಕಾರುಗಳೂ ನೆಲ ನೆಕ್ಕುವ ಹಾಗಿರುತ್ತವೆ ಎಂದೆ. ಸ್ಪ್ರಿಂಗ್ ಕತ್ತರಿಸಿ ಇಳಿಸಿದರು. ಔರಂಗಾಬಾದಿನ ಗ್ಯಾರೇಜಿನವನು ಹೇಳಿದ್ದನ್ನೆಲ್ಲ ಸಂತೋಷದಿಂದ ಮಾಡುತ್ತಿದ್ದ. ಅವನ ಮನೆಯಲ್ಲಿ ಆ ವರ್ಷ ಮೇಲಿನ ಮಹಡಿ ಎದ್ದಿತು.

ಒಂದು ಸಾಮಾನು ಹಾಕಿಸಿದಾಗಲೆಲ್ಲ ಟ್ರಾಯಲ್ ಆಗಬೇಕೆಂದು ನಾನೇ ಕಾನೂನು ಮಾಡಿದೆ. ಮೊದಲ ಟ್ರಾಯಲ್ ಗಂಗಾಪುರದವರೆಗೆ. ಊರು ಇನ್ನೂ ಬರುವ ಮೊದಲೇ ದಾರಿಯ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಕೂತುಬಿಟ್ಟಿತು. ಹಿಂದಿನ ಎರಡೂ ಗಾಲಿ ನೆಲಕ್ಕೆ ಸರಿಯಾಗಿ ತಾಗದೆ ಸುಮ್ಮನೆ ತಿರುಗಿದವು. ಹತ್ತಿ ಗಾಡಿಯ ಎತ್ತುಗಳನ್ನು ಬಿಚ್ಚಿ ಕಟ್ಟಿ ಎಳೆದರಂತೆ. ಅದನ್ನು ಬಸವರಾಜರು ಫೋನಿನಲ್ಲಿ ಹೇಳುವಾಗ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. “ಇಳಸೂದು ಜರಾ ಜಾಸ್ತಿ ಆಯ್ತೇನೋ ಸಾಹೇಬ್ರ” ಎಂದರಷ್ಟೇ. ನಾನು ಪೂರ್ತಿ ಗಂಭೀರವಾಗಿ, “ಹಂಗಾದ್ರ ಏರಸ್ರಿ” ಎಂದೆ. ಏರಿಸಲು ಇಡೀ ಚಳಿಗಾಲ ಹಿಡಿಯಿತು. ನನಗೆ ಅಷ್ಟು ರೊಟ್ಟಿ ದಕ್ಕಿತು.

ಎರಡನೆಯ ಟ್ರಾಯಲ್ ವೈಜಾಪುರದವರೆಗೆ. ಮೂರನೆಯದು ಯೇವಲೆಯವರೆಗೆ. ಯೇವಲೆಯ ಫೋನ್ ಬೂತಿನಿಂದ ಬ್ಯಾಂಕಿಗೆ ಮಾತಾಡಿ, “ಗಾಡಿ ಹೂವಿನಂಗ ಓಡ್ತದರಿ. ಇನ್ನೊಂದು ತಾಸೆರಡು ತಾಸಿನಾಗ ನಾಶಿಕ ಬರ್ತದ” ಎಂದರು. ದನಿಯಲ್ಲಿ ಎಂದೂ ಇಲ್ಲದ ಉಮೇದು. “ಟ್ರಾಯಲ್ ಅಂದ್ರ ಟ್ರಾಯಲ್, ವಾಪಸ್ ಹೋಗ್ರಿ” ಎಂದೆ. ಅವರು ಹೋದರು! ಆ ಮನುಷ್ಯನಿಗೆ ದಾರಿ ಗೊತ್ತಿತ್ತು, ಕಾರು ಓಡುತ್ತಿತ್ತು, ಪೆಟ್ರೋಲ್ ಇತ್ತು. ನಾನು ಬೇಡವೆಂದೆ ಎಂಬ ಒಂದೇ ಕಾರಣಕ್ಕೆ ಕಾರು ತಿರುಗಿಸಿಕೊಂಡು ಹೋದರು. ಇದನ್ನು ನೆನೆದಾಗ ನನಗೆ ಮೊದಲು ನಗು ಬರುತ್ತದೆ. ಆಮೇಲೆ ಬಹಳ ಹೊತ್ತು ಏನೂ ಬರುವುದಿಲ್ಲ.

ಇತ್ತ ಮನೆಯಲ್ಲಿ ನೀನು. ದಸರೆಗೆ ಬರುತ್ತಾರೆಂದು ಇಸ್ತ್ರಿ ಮಾಡಿಟ್ಟ ಸೀರೆಯನ್ನು ಮತ್ತೆ ಮಡಚಿಟ್ಟೆ. ಸಂಕ್ರಮಣಕ್ಕೆ ಬರುತ್ತಾರೆಂದು ರವೆ ಹುರಿದಿಟ್ಟೆ. ಅದರ ಶಿರಾ ನಾನೇ ತಿಂದೆ. ಮೊದಲು, “ಏನಂದ್ರು ಅವರು?” ಎಂದು ಕೇಳುತ್ತಿದ್ದೆ. “ಸ್ಟೇರಿಂಗ್ ಬದಲಸ್ಲಿಕ್ಕತ್ತಾರಂತ.” “ಹೂಂ.” “ಹಾರ್ನ್ ಕೂಡವಲ್ದಂತ.” “ಹೂಂ.” ಬರಬರುತ್ತ ಕೇಳುವುದು ಬಿಟ್ಟೆ. ಅಪ್ಪ ಫೋನಿನಲ್ಲಿ, “ಗಂಡಿಗಿ ಮನಸ್ಸಿಲ್ಲ ಅಂತ ಅನಸ್ತದಪ್ಪ, ಗಾಡಿ ನೆಪ ಹೇಳ್ತಾನ” ಎಂದು ಜೋರಾಗಿ ಹೇಳಿದ್ದು ಪಕ್ಕದಲ್ಲೇ ನಿಂತ ನಿನಗೂ ಕೇಳಿಸಿತು. ನಾನು ಹಾಗಲ್ಲ ಎನ್ನಬೇಕಿತ್ತು. “ನೋಡೋಣು” ಎಂದೆ. ಆ ಒಂದು ಮಾತಿನಿಂದ ನಿನ್ನ ಮನಸ್ಸಿನಲ್ಲಿ ಏನು ಕೂತಿರಬಹುದೆಂದು ಆಗ ಯೋಚಿಸಲಿಲ್ಲ. ಈಗ ಕನ್ನಡಿಯ ಮಾತು ಕೇಳಿದ ಮೇಲೆ...

ಇನ್ನು ಸೀಟಿನ ವಿಷಯ ಹೇಳಬೇಕು. ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ.

ಪೈಠಣ ಶಾಖೆಯಲ್ಲಿ ಲೆಕ್ಕ ತಪಾಸಣೆಯ ಕೆಲಸವಿತ್ತು. ಹೋಗುವಾಗ ಔರಂಗಾಬಾದಿನ ಗ್ಯಾರೇಜಿಗೂ ಹೋದೆ. ಹಳೆಯ ಸೀಟು ಕಿತ್ತು ಎರಡು ಬಕೆಟ್ ಸೀಟುಗಳನ್ನು ಕೂರಿಸಲು ನಾನೇ ಹೇಳಿದ್ದೆ. ಬಸವರಾಜರು ಚಾಲಕನ ಸೀಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪಕ್ಕದ ಸೀಟಿನ ಮುಂದೆ ನಿಂತು, “ಅವ್ರು ಎಷ್ಟು ಎತ್ತರ ಅದಾರ್ರಿ? ಕಾಲು ನೋವಾಗ್ಬಾರ್ದು ನೋಡ್ರಿ” ಎಂದರು. ನನ್ನ ಹೆಗಲಿನವರೆಗೆ ಎಂದು ಕೈಯಿಂದ ತೋರಿಸಿದೆ. ಅವರು ನನ್ನ ಹೆಗಲನ್ನು ಟೇಪಿನಿಂದ ಅಳೆದರು. ಆಮೇಲೆ ಬೇರೆ ಕಡೆ ನೋಡುತ್ತ, “ಅವ್ರಿಗಿ ಯಾವ ಬಣ್ಣ ಸೇರ್ತದರಿ? ಸೀಟಿಗಿ ಅದೇ ಹಾಕಸ್ತೀನಿ” ಎಂದರು.

ನನಗೆ ಗೊತ್ತಿರಲಿಲ್ಲ, ಶೈಲಾ. ಇಪ್ಪತ್ತು ವರ್ಷಕ್ಕೂ ಮೇಲೆ ನಿನ್ನ ಅಣ್ಣನಾಗಿದ್ದೆ, ದಿನಾ ನಿನ್ನ ಕೈಯ ಊಟ ಮಾಡುತ್ತಿದ್ದೆ, ನಿನಗೆ ಯಾವ ಬಣ್ಣ ಇಷ್ಟವೆಂದು ಗೊತ್ತಿರಲಿಲ್ಲ. ಎದುರಿನ ಸೀರೆ ಅಂಗಡಿಯಲ್ಲಿ ಒಂದು ಪೈಠಣಿ ತೂಗುಹಾಕಿತ್ತು. ಅದನ್ನು ನೋಡಿ, “ನವಿಲು ಬಣ್ಣ” ಎಂದೆ. ಅವರು ಮರುದಿನ ನನ್ನ ಜೊತೆ ಪೈಠಣದವರೆಗೆ ಬಂದು, ಮಗ್ಗದವರ ಮನೆಗೆ ಹೋಗಿ ನವಿಲು ಬಣ್ಣದ ರೇಷ್ಮೆ ನೂಲಿನ ಒಂದು ತುಂಡು ಬೇಡಿ ತಂದರು, ರೆಕ್ಸಿನ್ ಸರಿಯಾಗಿ ಹೊಂದಲಿ ಎಂದು. ಆ ನೂಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಂಜೆ ತಿರುಗಿ ಬರುವ ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದರು. ಪಕ್ಕದಲ್ಲಿ ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಆ ದಿನವಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ವಾಪಸು ಬಂದು ಮಾಸಪತ್ರಿಕೆಯಲ್ಲಿ ಮುಂದಿನ ಸಾಮಾನು ಹುಡುಕಿದೆ.

ಮುಂದಿನ ಮಳೆಗಾಲದ ಹೊತ್ತಿಗೆ, ಬಿ.ಎಡ್. ಮುಗಿದರೂ ನೀನಿನ್ನೂ ನಾಶಿಕದಲ್ಲೇ ಇದ್ದಾಗ, ಸೊಲ್ಲಾಪುರದ ಸಂಬಂಧ ಬಂತು. ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದ ಮಹಾದೇವರು ಇಂಥ ದಿನ ಬರುತ್ತೇನೆಂದರು, ಅಂದೇ ಬಂದರು — ಬಸ್ಸಿನಲ್ಲಿ, ಒದ್ದೆ ಕೊಡೆ ಹಿಡಿದುಕೊಂಡು. ಎರಡು ಪ್ಲೇಟ್ ಉಪ್ಪಿಟ್ಟು ತಿಂದರು, ನಿನ್ನ ಹೆಸರು ಗೊತ್ತಿದ್ದೂ ಕೇಳಿದರು, ಹೋಗುವಾಗ ಕೊಡೆ ಮರೆತು ಹೋಗಿ ಮತ್ತೆ ಬಂದರು. ನೀನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಆ ನಗು ನೋಡಿ ನಾನು ನಿಶ್ಚಿಂತನಾದೆ: ಇವರನ್ನು ಇವಳು ಒಲ್ಲೆ ಎನ್ನುತ್ತಾಳೆ. ಆದರೆ ಅವರಿಗೆ ಉತ್ತರ ಬೇಗ ಬೇಕಿತ್ತು. ಅಪ್ಪ, “ಹುಡುಗಿನ್ನೇ ಕೇಳಿ ಹೇಳು” ಎಂದರು.

ಅದೇ ವಾರದ ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಬಸವರಾಜರ ಫೋನು.

“ಸಾಹೇಬ್ರ, ಎಲ್ಲಾ ಆಯ್ತ್ರಿ. ಬಣ್ಣ ಆಯ್ತು, ಸೀಟ್ ಆಯ್ತು. ಗಾಡಿ ಅಂಗಡಿ ಮುಂದೇ ನಿಂತದ. ಆಯಿತವಾರ ಬರ್ಲೇನ್ರಿ?”

ನಾನು ತಡಕಾಡಿದೆ. ಏನು ಉಳಿದಿದೆ? ಏನಾದರೂ ಉಳಿದಿರಬೇಕಲ್ಲ! “ಸೈಲೆನ್ಸರ್?” ಎಂದೆ.

“ಅದೂ ಹೊಸಾದು ಹಾಕ್ಸೀನ್ರಿ. ಕೇಳ್ರಿ ಬೇಕಾರ” ಎಂದು ಯಾರಿಗೋ ಕಾರು ಶುರುಮಾಡಲು ಹೇಳಿ ಫೋನಿನ ರಿಸೀವರನ್ನು ಹೊರಗೆ ಚಾಚಿದರು. ಗುಲ್ಮಂಡಿಯ ಆ ಕಾರು ಪಿಂಪಳಗಾಂವಿನ ಬ್ಯಾಂಕಿನಲ್ಲಿ ಗುಡುಗಿತು. ಕ್ಯಾಷಿಯರ್ ಎಣಿಸುತ್ತಿದ್ದ ನೋಟು ತಪ್ಪಿ ಮೊದಲಿನಿಂದ ಎಣಿಸಿದ. ಸಾಲಕ್ಕೆ ಬಂದ ರೈತರೊಬ್ಬರು, “ಕಾಯ್ ಮಸ್ತ್ ಆವಾಜ್ ಆಹೇ!” ಎಂದರು. ನಿಜವಾಗಿಯೂ ಮಸ್ತಾಗಿತ್ತು, ಶೈಲಾ. ಎಂಜಿನ್ನಿನ ಗಂಧಗಾಳಿ ಇಲ್ಲದ ನನಗೂ ಗೊತ್ತಾಯಿತು — ಇನ್ನು ಆ ಕಾರಿನಲ್ಲಿ ಮಾಡುವುದೇನೂ ಉಳಿದಿಲ್ಲ.

“ಹ್ಯಾಂಗದರಿ?”

“ಸ್ವಲ್ಪ ಒರಟ ಅನಸ್ತದ,” ಎಂದೆ. “ಮುಂಬೈದಾಗ ಬ್ಯಾರೆ ಸಿಗ್ತದ. ಅದು ಹಾಕಿಸಿಕೊಂಡು ಬರ್ರಿ. ಇಷ್ಟು ದಿನಾ ತಡದೀರಿ, ಇನ್ನೊಂದೀಟು.”

ನನ್ನ ಬಡ್ತಿ ಪರೀಕ್ಷೆ ಹತ್ತಿರವಿತ್ತು. ಇವರು ಮುಂಬಯಿಗೆ ಹೋಗಿ ಬರುವಷ್ಟರಲ್ಲಿ ನೀನು ಕೊಡೆಯವರನ್ನು ಒಲ್ಲೆ ಎಂದಿರುತ್ತೀ. ಎರಡೂ ತಪ್ಪಿದಂತಾಗಿ ನನ್ನ ಸಂಸಾರ ಮೊದಲಿನ ಹಾಗೇ ನಡೆಯುತ್ತದೆ. ಇದು ನನ್ನ ಲೆಕ್ಕ. ಬ್ಯಾಂಕಿನವನ ಲೆಕ್ಕ!

ಅಂದು ಸಂಜೆ ನೀನು ತಾಟಿಗೆ ರೊಟ್ಟಿ ಹಾಕಿ, ಎದುರಿಗೆ ಕೂತೆ. ತಿಂಗಳುಗಟ್ಟಲೆ ಕೇಳದಿದ್ದವಳು ಅಂದು ಕೇಳಿದೆ.

“ಅಣ್ಣಾ, ಅವರ ಗಾಡಿ ಇನ್ನಾ ತಯಾರಾಗಿಲ್ಲೇನು?”

ನೀನು ಕೇಳುತ್ತಿದ್ದದ್ದು ಗಾಡಿಯನ್ನಲ್ಲ. ಅದು ನನಗೆ ಆಗಲೂ ತಿಳಿದಿತ್ತು. ಕೈಯಲ್ಲಿ ತುತ್ತು ಇತ್ತು.

“ಇಲ್ಲವ್ವಾ. ಇನ್ನೂ ಕೆಲಸ ಅದ” ಎಂದೆ.

ನೀನು ಸ್ವಲ್ಪ ಹೊತ್ತು ಹಿಂಡಿಯ ಡಬ್ಬಿಯ ಮುಚ್ಚಳ ತೆಗೆಯುವುದು ಹಾಕುವುದು ಮಾಡಿದೆ. ಆಮೇಲೆ, “ಹಂಗಾದ್ರ ಸೊಲ್ಲಾಪುರದವ್ರಿಗಿ ಹೂಂ ಅಂತ ಹೇಳಿಬಿಡು. ಅವ್ರು ಬಸ್ಸಿನಾಗರೆ ಬಂದ್ರು” ಎಂದು ಎದ್ದು ಹೋದೆ.

ಇಡೀ ಲೆಕ್ಕ ತಲೆಕೆಳಗು. ಆಗಲೂ ಎದ್ದು ಬಂದು ನಿಜ ಹೇಳುವಷ್ಟು ಹೊತ್ತಿತ್ತು. ನೀನು ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಲೇ ಇತ್ತು. ಹೇಳಿದರೆ ಇಷ್ಟು ದಿನದ ಎಲ್ಲ ಸಾಮಾನೂ ಒಂದೊಂದಾಗಿ ಹೊರಬರಬೇಕು — ಗಾಲಿ, ಸ್ಟೇರಿಂಗ್, ಯೇವಲೆಯಿಂದ ತಿರುಗಿಸಿ ಕಳಿಸಿದ್ದು. ಅಣ್ಣ ಎಂದು ಕರೆಸಿಕೊಳ್ಳಲು ಮುಖವಿರುತ್ತಿರಲಿಲ್ಲ. ಕೈ ತೊಳೆದುಕೊಂಡೆ.

ನನಗೆ ಆಗಬೇಕಾದ್ದು ಆಯಿತು. ಆ ಪರೀಕ್ಷೆಯಲ್ಲಿ ಫೇಲಾದೆ. ಹುಮನಾಬಾದಿನವಳು ಬಂದಳು, ಬಂದ ಮೊದಲ ದಿನವೇ ತನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ ಎಂದು ಸ್ಪಷ್ಟವಾಗಿ ತಿಳಿಸಿದಳು. ಅವಳಿಗೆ ಇದೆಲ್ಲವನ್ನೂ ಮೊನ್ನೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. “ಇದನ್ನ ನನಗ್ಯಾಕ ಹೇಳ್ತೀರಿ? ಹೇಳಬೇಕಾದವ್ರು ಸೊಲ್ಲಾಪುರದಾಗ ಅದಾರ” ಎಂದು ಟಿವಿ ಹಚ್ಚಿದಳು.

ಆ ಕಾರನ್ನು ಆಮೇಲೆ ಒಮ್ಮೆ ನೋಡಿದೆ. ಬಸವರಾಜರು ಮಾರಿಬಿಟ್ಟಿದ್ದರು, ಕೊಂಡವರು ಅದನ್ನು ಔರಂಗಾಬಾದಿನ ಹೋಟೆಲೊಂದರ ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸಿದ್ದರು. ಗುಹೆ ನೋಡಲು ಬಂದ ಪ್ರವಾಸಿಗರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪಕ್ಕದ ಸೀಟಿನ ಮೇಲೆ ಯಾರೋ ಮನಿಪ್ಲಾಂಟಿನ ಕುಂಡ ಇಟ್ಟಿದ್ದರು. ನಾನು ಆ ಹೋಟೆಲಿನಲ್ಲಿ ಉಳಿಯಲಿಲ್ಲ.

ಮಹಾದೇವರು ಒಳ್ಳೆಯವರು. ನಿನ್ನ ಸಂಸಾರವನ್ನು ನಾನು ಕೆಡಿಸಿದೆ ಎಂದು ಹೇಳಿ ನನ್ನ ತಪ್ಪನ್ನು ದೊಡ್ಡದು ಮಾಡುತ್ತಿಲ್ಲ. ಎಲ್ಲವೂ ಚೆನ್ನಾಗಿಯೇ ಆಯಿತಲ್ಲ ಎಂದು ಹೇಳಿ ಸಣ್ಣದೂ ಮಾಡುವುದಿಲ್ಲ. ಇಬ್ಬರಲ್ಲಿ ಯಾರು ಎಂದು ಆರಿಸುವುದು ನಿನ್ನ ಕೆಲಸವಾಗಿತ್ತು, ಅದನ್ನು ನಾನು ಕಸಿದುಕೊಂಡೆ. ಅದರ ಮೇಲೆ, ನಿನ್ನ ಫೋಟೋ ನೋಡಿ ಒಬ್ಬ ಮನುಷ್ಯ ಹಿಂದೆ ಸರಿದ ಎಂಬ ನಂಬಿಕೆಯನ್ನು ಇಷ್ಟು ವರ್ಷ ನಿನ್ನ ಹತ್ತಿರ ಬಿಟ್ಟೆ. ನೀನು ಅದನ್ನು ನಗೆಯ ಕಥೆ ಮಾಡಿಕೊಂಡು ಬದುಕಿದೆ. ಯಾರೂ ಹಿಂದೆ ಸರಿದಿರಲಿಲ್ಲ, ಶೈಲಾ. ಒಬ್ಬ ಮನುಷ್ಯ ನಿನ್ನ ಬಾಗಿಲಿಗೆ ಬರಲು ತನ್ನಿಂದಾದಷ್ಟು ಚೆನ್ನಾಗಿ ತಯಾರಾಗುತ್ತಿದ್ದ.

ಇನ್ನೊಂದು ಉಳಿದಿದೆ. ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೇ ಕೊನೆಗೆ ಉಳಿಸಿಕೊಂಡೆ.

ನಿನ್ನ ನಿಶ್ಚಯವಾದ ಮೇಲೆ ಬಸವರಾಜರಿಗೆ ಫೋನ್ ಮಾಡಿ ಹೇಳಿದವನು ನಾನೇ. ಅವರು ನನ್ನನ್ನು ಬೈಯಲಿಲ್ಲ. ತಮಗೇ ತಡವಾಯಿತೆಂದರು, ತಪ್ಪು ತಮ್ಮದೇ ಎಂದರು. ಆಮೇಲೆ ಕೇಳಿದರು — “ಸಾಹೇಬ್ರ, ಒಂದು ಮಾತು. ನಡು ನಡು ಎಂದಾದ್ರೂ... ಅವ್ರು ನನ್ನ ಬಗ್ಗಿ ಏನರೆ ಕೇಳಿದ್ರೇನ್ರಿ?”

ಹೌದು ಎಂದಿದ್ದರೆ, ನೀವೇನು ಉತ್ತರ ಕೊಟ್ಟಿರಿ ಎಂದು ಅವರು ಕೇಳಬಹುದಿತ್ತು.

“ಇಲ್ರಿ,” ಎಂದೆ.

“ಆಯ್ತ್ರಿ,” ಎಂದು ಫೋನ್ ಇಟ್ಟರು.

ಅವರು ಇದ್ದಾರೆ, ಗುಲ್ಮಂಡಿಯಲ್ಲೇ. ಅಂಗಡಿ ಮಗ ನೋಡಿಕೊಳ್ಳುತ್ತಾನಂತೆ. ನೀನು ಕೇಳಿದ್ದೆ ಎಂದು ಅವರಿಗೆ ಹೇಳಬೇಕು. ಬೇಡ ಎಂದರೆ ಬಿಡುತ್ತೇನೆ, ಹೋಗು ಎಂದರೆ ಅಂದೇ ಬಸ್ಸು ಹತ್ತುತ್ತೇನೆ. ಅದನ್ನು ನೀನೇ ಹೇಳು, ಶೈಲಾ. ಈ ಸಲ ದಿನ ಗೊತ್ತು ಮಾಡುವವನು ನಾನಲ್ಲ.